ಕಟಕಿನಲ್ಲಿ ನಿಂತ ದಂಡು

1779ರ ವಿಜಯದಶಮಿಯ ಹೊತ್ತಿಗೆ ನಾಗಪುರದ ಭೋಂಸ್ಲೆಗಳ ದಂಡು ಸೀಮೋಲ್ಲಂಘನ ಮಾಡಿ ಪೂರ್ವ ದಿಕ್ಕಿಗೆ ಹೊರಟಿತು. ಮೂವತ್ತು ಸಾವಿರ ಕುದುರೆ ಎಂದು ಲೆಕ್ಕ. ಮುಂದಾಳು ಮುಧೋಜಿ ಭೋಂಸ್ಲೆಯ ಮಗ ಖಂಡೋಜಿ, ಮನೆಮಂದಿಯ ಬಾಯಲ್ಲಿ ಚಿಮಣಾಬಾಪು. ಹೋಗಬೇಕಾದ ಊರು ಬಂಗಾಳ, ಹೊಡೆಯಬೇಕಾದವರು ಇಂಗ್ಲಿಷರು. ಕಲ್ಕತ್ತೆಯವರಿಗೆ ನಾಗಪುರದ ಸವಾರರೆಂದರೆ ಹಳೆಯ ಭಯ. 1742ರಲ್ಲಿ ಮುಧೋಜಿಯ ತಂದೆ ರಾಘೋಜಿಯ ಪಡೆ ಬಂಗಾಳಕ್ಕೆ ನುಗ್ಗಿದಾಗ ಅವರು ಊರ ಸುತ್ತ ಕಂದಕ ತೋಡಿಕೊಂಡಿದ್ದರು. ಆ ಕಂದಕಕ್ಕೆ ಮರಾಠರ ಹೆಸರೇ ನಿಂತುಹೋಗಿತ್ತು.

ಆದರೆ ಈ ಸಲದ ದಂಡಿನ ನಡಿಗೆಯೇ ಬೇರೆ. ದಸರೆಗೆ ಹೊರಟವರು ಕಟಕ ಮುಟ್ಟಿದ್ದು ಮರುವರ್ಷದ ಮೇ ತಿಂಗಳಲ್ಲಿ. ಏಳು ತಿಂಗಳು! ಮದುವೆಯ ದಿಬ್ಬಣವೂ ದಾರಿಯಲ್ಲಿ ಇಷ್ಟು ಹೊತ್ತು ಕಳೆಯುವುದಿಲ್ಲ. ಕಟಕ ಮುಟ್ಟಿದ ಮೇಲಾದರೂ ಬಂಗಾಳದ ಗಡಿ ದಾಟಿದರೇ? ಅದೂ ಇಲ್ಲ. ಪಕ್ಕದ ಢೆಂಕಾನಾಲದ ರಾಜನ ಮೇಲೆ ಬಿದ್ದು ಅವನ ಕೋಟೆಗೆ ಮುತ್ತಿಗೆ ಹಾಕಿ ಕೂತರು. ಆ ಕಾಳಗದ ಮೇಲೆ ಬ್ರಜನಾಥ ಬಡಜೇನಾ ಎಂಬ ಒಡಿಯಾ ಕವಿ ‘ಸಮರ ತರಂಗ’ ಎಂಬ ಕಾವ್ಯವನ್ನೇ ಬರೆದ. ಢೆಂಕಾನಾಲದವರಿಗೆ ಅದು ನಿಜವಾದ ಯುದ್ಧ. ಚಿಮಣಾಬಾಪುವಿಗೆ ಅದು ಕಾಲ ಕಳೆಯಲು ಸಿಕ್ಕ ನೆಪ.

ಕಾಲ ಯಾಕೆ ಕಳೆಯಬೇಕಿತ್ತು ಎಂಬುದು ತಿಳಿಯಬೇಕಾದರೆ ಶ್ರೀರಂಗಪಟ್ಟಣಕ್ಕೆ ಬರಬೇಕು.

ಪುಣೆಯ ನಾನಾ ಫಡ್ನವೀಸ, ಹೈದರಾಬಾದಿನ ನಿಜಾಮ್ ಅಲಿ, ನಮ್ಮ ಹೈದರಾಲಿ, ನಾಗಪುರದ ಭೋಂಸ್ಲೆ, ಈ ನಾಲ್ವರೂ ಹಿಂದೆ ಒಬ್ಬರ ಕತ್ತು ಒಬ್ಬರು ಹಿಡಿದವರೇ. ಪೇಶ್ವೆ ಮಾಧವರಾಯನ ಸೇನೆ ಮೈಸೂರು ಸೀಮೆಯನ್ನು ತುಳಿದ ನೆನಪು ಹೈದರನಿಗೆ ಮಾಸಿರಲಿಲ್ಲ. ಆದರೂ 1779–80ರಲ್ಲಿ ನಾಲ್ವರೂ ಒಂದು ಮಾತಿಗೆ ಬಂದರು. ಇಂಗ್ಲಿಷರನ್ನು ನಾಲ್ಕೂ ದಿಕ್ಕಿನಿಂದ ಏಕಕಾಲಕ್ಕೆ ಹೊಡೆಯುವುದು. ಪುಣೆಯವರು ಬೊಂಬಾಯಿ ಕಡೆ, ನಿಜಾಮ ಉತ್ತರ ಸರ್ಕಾರಗಳ ಕಡೆ, ಹೈದರ್ ಮದರಾಸಿನ ಕಡೆ, ಭೋಂಸ್ಲೆ ಬಂಗಾಳದ ಕಡೆ. ಇದಕ್ಕೆ ಪ್ರತಿಯಾಗಿ ಕೃಷ್ಣೆಯವರೆಗಿನ ಸೀಮೆಯ ಮೇಲೆ ಹೈದರನ ಹಕ್ಕನ್ನು ಪುಣೆ ಒಪ್ಪಿಕೊಂಡಿತು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ಯೋಜನೆ ಆ ಶತಮಾನದಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ.

ಹೈದರ್ ತನ್ನ ಪಾಲನ್ನು ಮಾಡಿದ. 1780ರ ಜುಲೈಯಲ್ಲಿ ಘಟ್ಟ ಇಳಿದು ಕರ್ನಾಟಿಕದ ಬಯಲಿಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನುಚ್ಚುನೂರಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಇವತ್ತಿಗೂ ಆ ಕಾಳಗದ ಚಿತ್ರ ಇದೆ; ಪಲ್ಲಕ್ಕಿಯಲ್ಲಿ ಕೂತು ಕೈಬೆರಳು ಕಚ್ಚಿಕೊಂಡಿರುವ ಬೈಲಿಯನ್ನು ಶಾಲೆಯ ಪ್ರವಾಸಕ್ಕೆ ಹೋದ ನಮ್ಮ ಮಕ್ಕಳೆಲ್ಲ ನೋಡಿರುತ್ತಾರೆ. ನವೆಂಬರ್ ಮೊದಲ ವಾರದಲ್ಲಿ ಆರ್ಕಾಟೂ ಹೈದರನ ಕೈಸೇರಿತು. ಮದರಾಸಿನ ಇಂಗ್ಲಿಷರಿಗೆ ಹಣವಿಲ್ಲ, ದವಸವಿಲ್ಲ, ಧೈರ್ಯವೂ ಇಲ್ಲ.

ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಕೂತಿದ್ದ. ಅವನು ಎರಡು ಹಣದ ಗಂಟು ಕಟ್ಟಿದ. ಒಂದು ಗಂಟು ಹೈದರನೊಡನೆ ಕಾದಾಡುವುದಕ್ಕೆ: ಮುದುಕ ಸೇನಾಪತಿ ಐರ್ ಕೂಟ್ ಅಕ್ಟೋಬರಿನಲ್ಲಿ ಹಡಗು ಹತ್ತಿ, ಹದಿನೈದು ಲಕ್ಷ ರೂಪಾಯಿ ಹೊತ್ತುಕೊಂಡು ಮದರಾಸಿಗೆ ಹೋದ. ಇನ್ನೊಂದು ಗಂಟು ನಾಗಪುರದವರು ಕಾದಾಡದೆ ಇರುವುದಕ್ಕೆ. ಅದು ಕೊನೆಗೆ ಹದಿನಾರು ಲಕ್ಷವಾಯಿತು. ಯುದ್ಧಕ್ಕಿಂತ ಯುದ್ಧವಿಲ್ಲದಿರುವುದಕ್ಕೆ ಒಂದು ಲಕ್ಷ ಹೆಚ್ಚು ಬಿತ್ತು.

ಮುಧೋಜಿ ಸುಲಭದ ಆಸಾಮಿಯಲ್ಲ. 1775ರಲ್ಲಿ ಸೋದರ ಸಾಬಾಜಿಯನ್ನು ಪಾಂಚಗಾವಿನ ಕಾಳಗದಲ್ಲಿ ಕೊಂದು ನಾಗಪುರದ ಆಡಳಿತ ಹಿಡಿದವನು. ಅಧಿಕಾರ ಮಗ ಎರಡನೆಯ ರಾಘೋಜಿಯ ಹೆಸರಿನಲ್ಲಿ, ನಡೆಸುವವನು ತಾನು. ಪುಣೆಯ ಮಾತನ್ನು ಮೀರಿದರೆ ಆ ಕುರ್ಚಿಗೇ ಕುತ್ತು. ಇಂಗ್ಲಿಷರೊಡನೆ ಕೆಡಿಸಿಕೊಂಡರೆ ಪೂರ್ವದ ಗಡಿಗೆ ಕುತ್ತು. ಹಾಗಾಗಿ ಪುಣೆಗೆ ದಂಡು ತೋರಿಸಿದ, ಕಲ್ಕತ್ತೆಗೆ ಗುಟ್ಟಾಗಿ ಪತ್ರ ಬರೆದ. ನಾಲ್ವರ ಒಪ್ಪಂದದ ಸುದ್ದಿಯನ್ನು ಹೇಸ್ಟಿಂಗ್ಸ್‌ಗೆ ಮುಟ್ಟಿಸಿದವರಲ್ಲಿ ಅವನೂ ಒಬ್ಬ. ಅವನ ದಿವಾನ ದಿವಾಕರ ಪಂತ ಇಂಗ್ಲಿಷರ ಕಡೆಗೆ ಒಲಿದವನು. ಕಲ್ಕತ್ತೆಯಲ್ಲಿದ್ದ ಅವನ ವಕೀಲ ಬೇನಿರಾಮ ಪಂಡಿತನಂತೂ ಹೇಸ್ಟಿಂಗ್ಸ್‌ನ ಆಪ್ತನೇ ಆಗಿಬಿಟ್ಟಿದ್ದ. (ವಕೀಲ ಎಂದರೆ ಕೋರ್ಟಿನ ಕರಿಕೋಟಿನವನಲ್ಲ, ಆ ಕಾಲದಲ್ಲಿ ರಾಜರ ಪರವಾಗಿ ಪರಸ್ಥಳದಲ್ಲಿ ಕೂತು ಮಾತಾಡುವವನಿಗೆ ಆ ಹೆಸರು.) 1781ರಲ್ಲಿ ಕಾಶಿಯ ರಾಜ ಚೇತಸಿಂಗನ ಗಲಾಟೆಯಲ್ಲಿ ಹೇಸ್ಟಿಂಗ್ಸ್ ಜೀವ ಉಳಿಸಿಕೊಂಡು ಚುನಾರಿಗೆ ಓಡಿದಾಗ, ಒಂದು ಲಕ್ಷ ರೂಪಾಯಿ ಕೊಡುತ್ತೇನೆಂದು ಮುಂದೆ ಬಂದವನು ಇದೇ ಬೇನಿರಾಮ.

ಕಟಕಿನಲ್ಲಿ ನಿಂತ ದಂಡಿಗೆ ಸಂಬಳ ಬಾಕಿ ಬಿತ್ತು. ಸಂಬಳವಿಲ್ಲದ ಸವಾರ ಲೂಟಿಗೆ ಇಳಿಯುತ್ತಾನೆ, ಲೂಟಿಗೆ ಹತ್ತಿರದ ಸಿರಿವಂತ ನಾಡು ಬಂಗಾಳ. ಈ ಮಾತನ್ನು ಭೋಂಸ್ಲೆಯ ಕಡೆಯವರು ಬೆದರಿಕೆಯಂತೆ ಹೇಳಲಿಲ್ಲ, ಕಷ್ಟ ತೋಡಿಕೊಂಡಂತೆ ಹೇಳಿದರು. ಹೇಸ್ಟಿಂಗ್ಸ್‌ಗೆ ಅರ್ಥವಾಯಿತು. ಮೊದಲು ಮೂರು ಲಕ್ಷ ಕಳಿಸಿದ. 1781ರ ಏಪ್ರಿಲಿನಲ್ಲಿ ಪೂರ್ತಿ ಒಪ್ಪಂದವಾಯಿತು. ಇನ್ನೂ ಹದಿಮೂರು ಲಕ್ಷ ರೊಕ್ಕ. ಅದರ ಮೇಲೆ ಹತ್ತು ಲಕ್ಷ ಸಾಲ ಹುಟ್ಟಿಸಿಕೊಡುವ ಮಾತು. ಗಢಾ–ಮಂಡ್ಲ ಸೀಮೆಯನ್ನು ಗೆಲ್ಲಲು ಭೋಂಸ್ಲೆಗೆ ಒತ್ತಾಸೆ. ಅತ್ತ ಕಡೆಯಿಂದ, ದಂಡು ಹಿಂದಕ್ಕೆ ಹೋಗಬೇಕು. ಎರಡು ಸಾವಿರ ಕುದುರೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಖರ್ಚಿನಲ್ಲಿ ಹೈದರನ ವಿರುದ್ಧ ಕೊಡಬೇಕು. ದಸರೆಯಲ್ಲಿ ಹೈದರನ ಮಿತ್ರನಾಗಿ ಹೊರಟ ದಂಡಿಗೆ ಎರಡು ವರ್ಷ ತುಂಬುವ ಮೊದಲೇ ಹೈದರನ ಮೇಲೆ ಕುದುರೆ ಬಾಡಿಗೆಗೆ ಕೇಳಿದ್ದರು ನೋಡಿ.

ಇದಕ್ಕಿಂತ ದೊಡ್ಡ ಲಾಭ ದಾರಿಯದು. ಕರ್ನಲ್ ಪಿಯರ್ಸ್‌ನ ಕೈಕೆಳಗೆ ಬಂಗಾಳದ ಸುಮಾರು ಐದು ಸಾವಿರ ಸಿಪಾಯಿಗಳು 1781ರ ಆರಂಭದಲ್ಲೇ ಮದರಾಸಿನ ಕಡೆ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಅಂಜಿಕೆ ಬಂಗಾಳದ ಸಿಪಾಯಿಗಳದು, ಆದ್ದರಿಂದ ನೆಲದ ದಾರಿಯೇ ಗತಿ. ಆ ದಾರಿ ಇದ್ದದ್ದು ಭೋಂಸ್ಲೆಯ ಕಟಕದ ನಡುವೆ. ದಾರಿ ಬಿಟ್ಟರು. ಗಂಜಾಮಿನಲ್ಲಿ ಕಾಲರಾ ಬಡಿದು ಸಿಪಾಯಿಗಳು ದಂಡುದಂಡಾಗಿ ಸತ್ತರೂ, ಮಿಕ್ಕವರು ಆಗಸ್ಟಿನಲ್ಲಿ ಕೂಟನನ್ನು ಸೇರಿಕೊಂಡರು. ನಿಜಾಮನಿಗೆ ಗುಂಟೂರು ಸರ್ಕಾರವನ್ನು ಬಿಟ್ಟುಕೊಟ್ಟು ಅವನನ್ನೂ ಮನೆಯಲ್ಲಿ ಕೂರಿಸಿದ್ದರು. ನಾಲ್ವರಲ್ಲಿ ಇಬ್ಬರು ಹೋದರು. ಮೂರನೆಯವರು, ಅಂದರೆ ಪುಣೆಯವರು, 1782ರ ಮೇ ತಿಂಗಳಲ್ಲಿ ಸಾಲ್ಬಾಯಿಯಲ್ಲಿ ಸಂಧಿ ಮಾಡಿಕೊಂಡರು. ಹೈದರ್ ಒಬ್ಬನೇ ಉಳಿದ. ಅದೇ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ದಂಡಿನ ಬೀಡಿನಲ್ಲಿ ತೀರಿಕೊಂಡ. ಬೆನ್ನಿನ ಹುಣ್ಣು ಅವನನ್ನು ಕೊಂದಿತು. ಕಟಕಿನ ದಂಡು ಬಂಗಾಳಕ್ಕೆ ನುಗ್ಗಿದ್ದರೆ ಮೈಸೂರಿನ ಕತೆ ಬೇರೆಯಾಗುತ್ತಿತ್ತೇ? ನನಗೆ ಆ ಬಗೆಯ ಲೆಕ್ಕಗಳಲ್ಲಿ ನಂಬಿಕೆ ಕಡಿಮೆ. ಆದರೆ ಬಂಗಾಳದ ಬೊಕ್ಕಸಕ್ಕೆ ಕೈ ಬಿದ್ದಿದ್ದರೆ ಕೂಟನಿಗೆ ಹದಿನೈದು ಲಕ್ಷ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯನ್ನಂತೂ ತಳ್ಳಿಹಾಕಲಾಗದು.

ಈಗ ಆ ಹದಿನಾರು ಲಕ್ಷಕ್ಕೆ ಏನೆಂದು ಹೆಸರಿಡಬೇಕು?

ನಾಗಪುರದ ಲೆಕ್ಕದಲ್ಲಿ ಅದು ಬಾಕಿ ವಸೂಲಿ. 1751ರಲ್ಲಿ ನವಾಬ ಅಲಿವರ್ದಿ ಖಾನ್ ರಾಘೋಜಿಗೆ ವರ್ಷಕ್ಕೆ ಹನ್ನೆರಡು ಲಕ್ಷ ಚೌಥ್ ಎಂಬ ಕಪ್ಪ ಕೊಡಲು ಒಪ್ಪಿದ್ದ. 1765ರಲ್ಲಿ ಬಂಗಾಳದ ದಿವಾನಿ ಕಂಪನಿಗೆ ಬಂತು, ಚೌಥ್ ಬರುವುದು ನಿಂತಿತು. ಹದಿನಾರು ವರ್ಷಕ್ಕೆ ಗುಣಿಸಿದರೆ ಒಂದು ಕೋಟಿ ತೊಂಬತ್ತೆರಡು ಲಕ್ಷ. ಭೋಂಸ್ಲೆಯ ಕಣ್ಣಿಗೆ ಸಿಕ್ಕಿದ್ದು ಹನ್ನೆರಡರಲ್ಲಿ ಒಂದು ಪಾಲು. ಕಲ್ಕತ್ತೆಯ ಲೆಕ್ಕದಲ್ಲಿ ಅದು ಸಂಕಟದಲ್ಲಿದ್ದ ಮಿತ್ರರ ಸೇನೆಗೆ ಮಾಡಿದ ನೆರವು. ಚೌಥ್ ಎಂಬ ಪದ ಮಾತ್ರ ಹೇಸ್ಟಿಂಗ್ಸ್‌ಗೆ ಬೇಡ. ಪುಣೆಯ ಕಣ್ಣಿಗೆ ಅದು ದ್ರೋಹದ ಬೆಲೆ. ಮರಾಠರ ಕಚೇರಿಗಳಲ್ಲಿ ಇಂಥದ್ದಕ್ಕೆ ಬೇರೆಯದೇ ತಲೆಬರಹವಿತ್ತು: ‘ದರಬಾರ ಖರ್ಚು’, ಇನ್ನೂ ಗುಟ್ಟಿನದಾದರೆ ‘ಅಂತಸ್ಥ’. ಮಂತ್ರಿಗಳಿಗೂ ಲೆಕ್ಕ ನೋಡುವವರಿಗೂ ಸಂದಾಯವಾಗುವ ಹಣ ವರ್ಷ ವರ್ಷವೂ ನಿಗದಿಯಾಗಿ, ಕೊನೆಗೆ ರೈತನ ಮೇಲಿನ ಕಂದಾಯದಲ್ಲೇ ಸೇರಿಹೋಗುತ್ತಿತ್ತು. ನಾವು ಅದನ್ನೇ ‘ಮಾಮೂಲು’ ಎನ್ನುತ್ತೇವೆ. ಎಂದಿನಂತೆ ನಡೆಯುವಂಥದ್ದು ಎಂಬ ಅರ್ಥದ ಪರದೇಶಿ ಪದ ನಮ್ಮ ಬಾಯಲ್ಲಿ ಲಂಚದ ಮರ್ಯಾದಸ್ಥ ಹೆಸರಾಗಿದೆ.

ಲಂಡನ್ನಿನಲ್ಲಿ ಆಗಲೇ ಒಂದು ಕಾಯಿದೆ ಇತ್ತು. ಅದರ ಹಿಂದಿನ ಕತೆ ಸ್ವಲ್ಪ ಹೇಳಬೇಕು. ಪ್ಲಾಸಿ ಯುದ್ಧವಾದ 1757ರಿಂದ ಎಂಟೊಂಬತ್ತು ವರ್ಷದಲ್ಲಿ ಕಂಪನಿಯ ನೌಕರರು ಬಂಗಾಳದ ನವಾಬರಿಂದ ಪಡೆದ ‘ಉಡುಗೊರೆ’ಗಳು ಇಪ್ಪತ್ತು ಲಕ್ಷ ಪೌಂಡಿಗೂ ಮೀರಿದ್ದವು ಎಂದು ಪಾರ್ಲಿಮೆಂಟಿನ ಸಮಿತಿ ಪಟ್ಟಿ ಮಾಡಿತು. ಕ್ಲೈವನೊಬ್ಬನ ಪಾಲೇ 2,34,000 ಪೌಂಡು. ಅವನನ್ನು ಕೇಳಿದರೆ, ಆ ಭಂಡಾರದ ನಡುವೆ ನಿಂತಿದ್ದಾಗ ತಾನು ತೋರಿದ ಸಂಯಮ ತನಗೇ ಅಚ್ಚರಿ ಎಂದುಬಿಟ್ಟ. 1764ರಲ್ಲಿ ಕಂಪನಿಯ ನಿರ್ದೇಶಕರು, ನಾಲ್ಕು ಸಾವಿರ ರೂಪಾಯಿಗೆ ಮೇಲ್ಪಟ್ಟ ಉಡುಗೊರೆಯನ್ನು ಇಟ್ಟುಕೊಳ್ಳುವುದಿಲ್ಲವೆಂದು ನೌಕರರು ಮುಚ್ಚಳಿಕೆ ಬರೆದುಕೊಡಬೇಕೆಂದರು. ಮುಚ್ಚಳಿಕೆ ಕಲ್ಕತ್ತೆಗೆ ಬಂದು ಮೇಜಿನ ಮೇಲಿತ್ತು. ಸಹಿ ಇನ್ನೂ ಬಿದ್ದಿರಲಿಲ್ಲ. ಅಷ್ಟರಲ್ಲಿ ನವಾಬ ಮೀರ್ ಜಾಫರ್ ಸತ್ತ. ಹೊಸ ನವಾಬನನ್ನು ಕೂರಿಸಿದ ಖುಷಿಗೆ ಕೌನ್ಸಿಲಿನವರು ಮತ್ತೊಮ್ಮೆ ಕೈ ಬೆಚ್ಚಗೆ ಮಾಡಿಕೊಂಡರು. ಸಹಿ ಮಾಡಿಲ್ಲವಲ್ಲ!

ಅದಕ್ಕೇ 1773ರ ರೆಗ್ಯುಲೇಟಿಂಗ್ ಆ್ಯಕ್ಟ್ ಸುಗ್ರೀವಾಜ್ಞೆಯಂತೆ ಬಂತು. ಗವರ್ನರ್ ಜನರಲ್‌ನಿಂದ ಹಿಡಿದು ಕೆಳಗಿನ ಅಧಿಕಾರಿಯವರೆಗೆ ಯಾರೂ ಇಲ್ಲಿನ ರಾಜರಿಂದ, ಅವರ ಮಂತ್ರಿಗಳಿಂದ, ಇಲ್ಲಿನ ಜನರಿಂದ ಉಡುಗೊರೆ, ಕಾಣಿಕೆ, ಇನಾಮು ಏನನ್ನೂ ಪಡೆಯಕೂಡದು. ಪಡೆದರೆ ಅದರ ಎರಡರಷ್ಟು ದಂಡ. ವಿನಾಯಿತಿ ನಾಲ್ಕೇ ಬಗೆಯವರಿಗೆ: ನ್ಯಾಯವಾದಿ, ವೈದ್ಯ, ಶಸ್ತ್ರವೈದ್ಯ, ಪಾದ್ರಿ, ಅದೂ ತಮ್ಮ ಕಸುಬಿನ ಶುಲ್ಕವಾಗಿ. ಇದಕ್ಕೆ ಪ್ರತಿಯಾಗಿ ಗವರ್ನರ್ ಜನರಲ್‌ಗೆ ವರ್ಷಕ್ಕೆ 25,000 ಪೌಂಡು ಸಂಬಳ. ದೇಶಾಂತರದ ವ್ಯಾಪಾರದಲ್ಲಿ ನಡೆಯುವ ಲಂಚವನ್ನು ತಡೆಯಲು ಒಂದು ದೇಶದ ಸಂಸತ್ತು ಮಾಡಿದ ಕಾನೂನುಗಳ ವಂಶಾವಳಿ ಬರೆಯುವುದಾದರೆ ಇದನ್ನು ಮೂಲಪುರುಷರ ಸಾಲಿನಲ್ಲಿ ಇಡಬೇಕು.

ಅದು ಎಷ್ಟು ಬಿಗಿಯಾಗಿ ಹೊಲಿದ ಕಾಯಿದೆಯಾದರೂ ಒಂದು ಕಡೆ ಹೊಲಿಗೆಯೇ ಇರಲಿಲ್ಲ. ಪಡೆಯುವುದಕ್ಕೆ ತಡೆ, ಕೊಡುವುದರ ಬಗ್ಗೆ ಚಕಾರವಿಲ್ಲ. ಕಂಪನಿಯೆಂಬುದು ಷೇರುದಾರರಿದ್ದ ವ್ಯಾಪಾರಿ ಸಂಸ್ಥೆ. ಅದು ಪರರಾಜ್ಯವೊಂದರ ಆಡಳಿತಗಾರನಿಗೆ, ಅವನು ತನ್ನ ಮಿತ್ರರಿಗೆ ಕೊಟ್ಟ ಮಾತು ತಪ್ಪಲೆಂದು, ಹದಿನಾರು ಲಕ್ಷ ಕೊಟ್ಟರೆ ಅದು ಯಾವ ಕಲಮಿನಡಿಯೂ ಬರುತ್ತಿರಲಿಲ್ಲ.

ಆದರೂ ನಾಗಪುರದ ಹಣ ಕೋರ್ಟಿನ ಬಾಗಿಲಿಗೆ ಬಂತು, ಹಿತ್ತಲ ದಾರಿಯಿಂದ. 1780ರ ನವೆಂಬರ್ 29ರಂದು ಹೇಸ್ಟಿಂಗ್ಸ್ ನಿರ್ದೇಶಕರಿಗೆ ಕಾಗದ ಬರೆದು, ಭೋಂಸ್ಲೆಯ ಸೇನೆಗೆ ಮೂರು ಲಕ್ಷ ಕೊಟ್ಟದ್ದನ್ನು ತಿಳಿಸಿದ. ಅದರಲ್ಲಿ ಎರಡು ಪಾಲು ತನ್ನ ಸ್ವಂತ ಭರವಸೆಯ ಮೇಲೆ ಎತ್ತಿದ್ದು, ಒಂದು ಪಾಲು ತನ್ನ ಕೈಯಲ್ಲಿದ್ದ ಕಂಪನಿಯ ಹಣದಿಂದ ಎಂದ. ಕಂಪನಿಯ ಹಣ ಇವನ ಕೈಗೆ ಯಾವಾಗ ಬಂತು, ಎಲ್ಲಿಂದ ಬಂತು? ಕಂಪನಿಗೇ ಗೊತ್ತಿರಲಿಲ್ಲ. ಅದೇ ವರ್ಷ ಕಾಶಿಯ ಚೇತಸಿಂಗನಿಂದ ಎರಡು ಲಕ್ಷ ಗುಟ್ಟಾಗಿ ಬಂದಿತ್ತು; ಅದನ್ನು ಮರಾಠ ಸರದಾರ ಸಿಂಧಿಯಾನ ಮೇಲಿನ ದಂಡಯಾತ್ರೆಗೆ ತನ್ನದೇ ಹಣವೆಂಬಂತೆ ಕೊಟ್ಟಿದ್ದ. 1781ರ ಜನವರಿಯಲ್ಲಿ, ತಾನು ಕಂಪನಿಗೆ ಕೊಟ್ಟ ಹಣಕ್ಕೆ ತನ್ನ ಹೆಸರಿನಲ್ಲಿ ಬಾಂಡು ಬರೆದುಕೊಡಿ ಎಂದು ಕೌನ್ಸಿಲನ್ನು ಕೇಳಿದ. ಕೌನ್ಸಿಲಿನಲ್ಲಿ ಎದುರಾಡುತ್ತಿದ್ದ ಫಿಲಿಪ್ ಫ್ರಾನ್ಸಿಸ್ ದ್ವಂದ್ವಯುದ್ಧದಲ್ಲಿ ಹೇಸ್ಟಿಂಗ್ಸ್‌ನ ಪಿಸ್ತೂಲಿನ ಗುಂಡಿಗೆ ಗಾಯಗೊಂಡು ಊರು ಬಿಟ್ಟಾಗಿತ್ತು, ಕೇಳುವವರಿರಲಿಲ್ಲ. ಒಂದೂವರೆ ವರ್ಷದ ಮೇಲೆ, ಆ ಬಾಂಡುಗಳು ನಿಜಕ್ಕೂ ನನ್ನವಲ್ಲ, ಅವು ಕಂಪನಿಗೆಂದು ತೆಗೆದುಕೊಂಡ ಉಡುಗೊರೆಯ ಹಣ ಎಂದು ಬರೆದ. ಅಷ್ಟರಲ್ಲಿ ಲಂಡನ್ನಿನಲ್ಲಿ ಮೂಗು ಅರಳಿಸುವವರು ಬಹಳ ಮಂದಿಯಾಗಿದ್ದರು.

1784ರಲ್ಲಿ ಪಿಟ್‌ನ ಇಂಡಿಯಾ ಆ್ಯಕ್ಟ್ ಬಂದು ಉಡುಗೊರೆ ಪಡೆಯುವುದನ್ನು ಸುಲಿಗೆಯೆಂದೇ ಕರೆಯಿತು. ಇಂಡಿಯಾದಿಂದ ಮರಳುವ ನೌಕರ ತನ್ನ ಆಸ್ತಿಯ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸಬೇಕೆಂದೂ ಇತ್ತು. ಆ ಕಲಮಿನ ಆಯುಸ್ಸು ಎರಡೇ ವರ್ಷ, 1786ರಲ್ಲಿ ಕಿತ್ತುಹಾಕಿದರು. ಆಸ್ತಿ ಘೋಷಣೆಯೆಂದರೆ ಅಧಿಕಾರಿಗಳಿಗೆ ಆಗಲೂ ಅಷ್ಟೇ ಪ್ರೀತಿ.

1788ರ ಫೆಬ್ರುವರಿ 13ರಂದು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಹೇಸ್ಟಿಂಗ್ಸ್‌ನ ವಿಚಾರಣೆ ಆರಂಭವಾಯಿತು. ಟಿಕೆಟ್ಟಿಗಾಗಿ ಜನ ಮುಗಿಬಿದ್ದರು. ಆರೋಪಗಳಲ್ಲಿ ಉಡುಗೊರೆಗಳದ್ದೂ ಒಂದು ದೊಡ್ಡ ಕಂತೆ. ಆರೋಪ ಹೊರಿಸಿದವರ ಪರ ನಿಂತ ಎಡ್ಮಂಡ್ ಬರ್ಕ್‌ನ ವಾದದಲ್ಲಿ ನನಗೆ ಇವತ್ತಿಗೂ ಗಟ್ಟಿಯೆನಿಸುವ ಒಂದು ಎಳೆ ಇದೆ. ಕಂಪನಿಗಾಗಿ ಲಂಚ ತೆಗೆದುಕೊಂಡೆ ಎಂಬ ಸಮಜಾಯಿಷಿಯನ್ನು ಒಪ್ಪಿದರೆ, ಸಿಕ್ಕಿಬಿದ್ದದ್ದೆಲ್ಲ ಕಂಪನಿಯದು, ಸಿಕ್ಕಿಬೀಳದ್ದೆಲ್ಲ ತನ್ನದು ಎಂದಾಗುತ್ತದೆ. ಎರಡಕ್ಕೂ ಗೆರೆ ಎಳೆಯುವವರು ಯಾರೂ ಇರುವುದಿಲ್ಲ ಎಂಬ ಭಾವದ್ದು ಅದು. ಹೇಸ್ಟಿಂಗ್ಸ್‌ನ ಉತ್ತರವೂ ಸುಲಭವಾಗಿ ಬಿಡುವಂಥದ್ದಲ್ಲ. ನಾಲ್ಕು ದಿಕ್ಕಿನಿಂದ ಬೆಂಕಿ ಬಿದ್ದಾಗ ನೀರು ಯಾವ ಬಾವಿಯದೆಂದು ಕೇಳುತ್ತಾ ಕೂರಲಾದೀತೇ? ಏಳು ವರ್ಷ ಎಳೆದು 1795ರ ಏಪ್ರಿಲ್ 23ರಂದು ಎಲ್ಲ ಆರೋಪಗಳಿಂದಲೂ ಬಿಡುಗಡೆಯಾಯಿತು. ಖರ್ಚಿಗೆ ಅವನ ಆಸ್ತಿ ಕರಗಿತ್ತು. ಕಂಪನಿ ವರ್ಷಕ್ಕೆ 4,000 ಪೌಂಡು ವರ್ಷಾಶನ ಕೊಟ್ಟಿತು.

ಆ ಏಳು ವರ್ಷದಲ್ಲಿ ಹಣ ಎಲ್ಲಿಂದ ಬಂತೆಂದು ಕೆದಕಿದ ಮಟ್ಟಿಗೆ, ಎಲ್ಲಿಗೆ ಹೋಯಿತೆಂದು ಕೆದಕಲಿಲ್ಲ. ಕೊಡುವ ಕೈಯನ್ನು ಕಾಯಿದೆ ಹಿಡಿಯಲು ಇನ್ನೂ ಎರಡು ಶತಮಾನ ಬೇಕಾಯಿತು. 1970ರ ದಶಕದಲ್ಲಿ ಅಮೆರಿಕದ ಲಾಕ್‌ಹೀಡ್ ಕಂಪನಿ ವಿಮಾನ ಮಾರಲು ಜಪಾನಿನ ಪ್ರಧಾನಿಯಾಗಿದ್ದ ತನಾಕಾಗೆ ಹಣ ಕೊಟ್ಟದ್ದು ಬಯಲಾಯಿತು. ನಾನೂರಕ್ಕೂ ಹೆಚ್ಚು ಕಂಪನಿಗಳು ಮೂವತ್ತು ಕೋಟಿ ಡಾಲರಿಗೂ ಮಿಕ್ಕಿ ಇಂಥ ಪಾವತಿ ಮಾಡಿದ್ದೇವೆಂದು ಒಪ್ಪಿಕೊಂಡವು. 1977ರ ಡಿಸೆಂಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯಿದೆ, ಪರದೇಶದ ಅಧಿಕಾರಿಗೆ ಲಂಚ ಕೊಡುವ ತನ್ನ ದೇಶದವರನ್ನು ಮೊದಲ ಬಾರಿಗೆ ಅಪರಾಧಿಗಳೆಂದಿತು. ಅದರಲ್ಲೂ ಒಂದು ಕಿಂಡಿ ಬಿಟ್ಟರು: ದಿನನಿತ್ಯದ ಸರ್ಕಾರಿ ಕೆಲಸ ಬೇಗ ಆಗಲೆಂದು ಕೊಡುವ ಸಣ್ಣ ಹಣಕ್ಕೆ ಶಿಕ್ಷೆಯಿಲ್ಲ. ದಿನನಿತ್ಯದ್ದು ಎಂಬುದನ್ನು ನಮ್ಮ ಕಚೇರಿ ಕನ್ನಡಕ್ಕೆ ತಂದರೆ ‘ಮಾಮೂಲು’ ಎಂದೇ ಆಗುತ್ತದೆ. ಮಿಕ್ಕ ದೇಶಗಳಿಗೆ ಅಷ್ಟೂ ಬೇಡವಾಗಿತ್ತು. ಹೊರದೇಶದಲ್ಲಿ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳಲು ಜರ್ಮನಿಯಲ್ಲಿ ತೊಂಬತ್ತರ ದಶಕದ ಕೊನೆಯವರೆಗೂ ದಾರಿಯಿತ್ತು. 1997ರ ಡಿಸೆಂಬರಿನಲ್ಲಿ ಸಿರಿವಂತ ದೇಶಗಳು ಪ್ಯಾರಿಸ್ಸಿನಲ್ಲಿ ಸೇರಿ ಒಡಂಬಡಿಕೆ ಮಾಡಿಕೊಂಡ ಮೇಲೆ ಅದು ಹೋಯಿತು. ಕಂಪನಿಯ ತವರಾದ ಬ್ರಿಟನ್ ಕಟ್ಟುನಿಟ್ಟಿನ ಲಂಚ ಕಾಯಿದೆ ಮಾಡಿದ್ದು 2010ರಲ್ಲಿ. ನಮ್ಮಲ್ಲಿ ಲಂಚ ಕೊಡುವವನನ್ನು ನೇರವಾಗಿ ಅಪರಾಧಿಯಾಗಿಸಿದ್ದು 1988ರ ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಂದ ತಿದ್ದುಪಡಿ. ಅಲ್ಲಿಯವರೆಗೆ ಅವನು ಬರೀ ಕುಮ್ಮಕ್ಕು ಕೊಟ್ಟವನು. ನಮ್ಮವರು ಹೊರದೇಶದ ಅಧಿಕಾರಿಗೆ ಕೊಟ್ಟರೆ ಶಿಕ್ಷಿಸುವ ಮಸೂದೆ 2011ರಲ್ಲಿ ಲೋಕಸಭೆಗೆ ಬಂತು, 2014ರಲ್ಲಿ ಆ ಲೋಕಸಭೆಯ ಜತೆಗೇ ಮುಗಿಯಿತು.

ನಾಗಪುರದ ಕತೆ ಅದಕ್ಕೆ ಬಹಳ ಮೊದಲೇ ಮುಗಿದಿತ್ತು. ಮುಧೋಜಿ 1788ರಲ್ಲಿ ಸತ್ತ, ಅತ್ತ ಹೇಸ್ಟಿಂಗ್ಸ್ ವಿಚಾರಣೆಯ ಕಟಕಟೆ ಹತ್ತಿದ ವರ್ಷವೇ. ಹದಿನಾರು ಲಕ್ಷ ಕೊಟ್ಟು ದಾರಿ ಕೇಳಿದ್ದ ಕಟಕವನ್ನು 1803ರಲ್ಲಿ ಕಂಪನಿ ಕಾಸು ಬಿಚ್ಚದೆ ಗೆದ್ದುಕೊಂಡಿತು. ದೇವಗಾವಿನ ಸಂಧಿಯಲ್ಲಿ ಎರಡನೆಯ ರಾಘೋಜಿ ಅದನ್ನು ಬರೆದುಕೊಟ್ಟ. 1817ರ ನವೆಂಬರಿನಲ್ಲಿ ನಾಗಪುರದ ಸೀತಾಬರ್ಡಿಯ ಗುಡ್ಡದ ಮೇಲೆ ಅಪ್ಪಾಸಾಹೇಬ ಭೋಂಸ್ಲೆ ಇಂಗ್ಲಿಷರಿಗೆ ಸೋತ. 1853ರ ಡಿಸೆಂಬರಿನಲ್ಲಿ ಮೂರನೆಯ ರಾಘೋಜಿ ಗಂಡುಸಂತಾನವಿಲ್ಲದೆ ತೀರಿಕೊಂಡಾಗ, ಗವರ್ನರ್ ಜನರಲ್ ಡಾಲ್‌ಹೌಸಿ ದತ್ತಕವನ್ನು ಒಪ್ಪದೆ ರಾಜ್ಯವನ್ನು ಸೇರಿಸಿಕೊಂಡ. ಹಿರಿಯ ರಾಣಿ ಬಂಕಾಬಾಯಿ ಪ್ರತಿಭಟಿಸಿದಳು. ಕೇಳುವವರಿರಲಿಲ್ಲ. ಅರಮನೆಯ ಆನೆ, ಕುದುರೆ, ಎತ್ತುಗಳನ್ನು ಅದೇ ಸೀತಾಬರ್ಡಿಯಲ್ಲಿ ಹರಾಜು ಕೂಗಿದರು. ಒಡವೆಗಳು ಗಾಡಿಯೇರಿ ಕಲ್ಕತ್ತೆಗೆ ಹೋಗಿ, ಅಲ್ಲಿನ ಪೇಟೆಯಲ್ಲಿ ಬಿಕರಿಯಾದವು. ಬಂದ ಹಣವನ್ನು ಕಂಪನಿ ಲೂಟಿಯೆಂದು ಬರೆದುಕೊಳ್ಳಲಿಲ್ಲ, ಆದಾಯವೆಂದೂ ಬರೆದುಕೊಳ್ಳಲಿಲ್ಲ. ಖಾತೆಯ ತಲೆಗೆ ‘ಭೋಂಸ್ಲೆ ನಿಧಿ’ ಎಂದು ಹಾಕಿತು.